ಕಲಿಸದ ಪಾಠಕ್ಕೆ ‘ಎ’ ಶ್ರೇಣಿ: ಶಿಕ್ಷಣ ಸಚಿವರಿಗೆ ಕೊಡಗಿನ ಪೋಷಕನೊಬ್ಬನ ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಕೊಡಗು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಮತ್ತು ಸಂಗೀತ ಬೋಧನೆಗೆ ವ್ಯವಸ್ಥೆ ಮಾಡುವ ಕುರಿತು.

ಮಾನ್ಯರೇ,

ನಾನು ಮಡಿಕೇರಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಓದುತ್ತಿರುವ ಹುಡುಗಿಯ ತಂದೆ. ಅದೇ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನೂ ಹೌದು. ನಾಲ್ಕು ಎಕರೆ ಕಾಫಿ ತೋಟ ನೋಡಿಕೊಂಡಿರುವ ನನಗೆ ಮಂತ್ರಿಗಳಿಗೆ ಪತ್ರ ಬರೆಯುವ ಅಭ್ಯಾಸವಿಲ್ಲ. ಕಳೆದ ಏಪ್ರಿಲ್‌ನಲ್ಲಿ ಮಗಳು ಒಂಬತ್ತನೇ ತರಗತಿಯ ಪ್ರಗತಿಪತ್ರವನ್ನು ಸಹಿಗೆಂದು ತಂದುಕೊಟ್ಟಾಗ ಅದರ ಸಹಪಠ್ಯ ವಿಭಾಗದಲ್ಲಿ ಚಿತ್ರಕಲೆಗೆ ‘ಎ’, ಸಂಗೀತಕ್ಕೆ ‘ಎ’ ಎಂದು ಬರೆದಿತ್ತು. ಖುಷಿಯಾಗಿ, ‘ಯಾವ ಹಾಡು ಹಾಡಿದೆ?’ ಎಂದು ಕೇಳಿದೆ. ‘ಸಂಗೀತದ ಕ್ಲಾಸೇ ಇಲ್ಲವಲ್ಲ ಅಪ್ಪ, ಎಲ್ಲರಿಗೂ ‘ಎ’ ಕೊಟ್ಟಿದ್ದಾರೆ’ ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಇದನ್ನು ಸಹಜವೆಂದು ಒಪ್ಪಿಕೊಂಡಿದ್ದಾಳಲ್ಲ ಎಂಬ ಸಂಕಟವೇ ಈ ಪತ್ರವನ್ನು ಬರೆಸುತ್ತಿದೆ.

ಮರುದಿನ ಶಾಲೆಗೆ ಹೋಗಿ ವಿಚಾರಿಸಿದೆ. ತರಗತಿಯ ಶಿಕ್ಷಕರು ಸಂಕೋಚದಿಂದಲೇ ವಿವರಿಸಿದರು. ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರೂ ಇಲ್ಲ, ಸಂಗೀತ ಶಿಕ್ಷಕರೂ ಇಲ್ಲ. ಆದರೆ ಪ್ರಗತಿಪತ್ರದಲ್ಲಿ ಆ ಅಂಕಣಗಳಿವೆ, ಅವನ್ನು ಖಾಲಿ ಬಿಡುವಂತಿಲ್ಲ. ಕಲಿಸದೆ ಇದ್ದ ಮೇಲೆ ಒಬ್ಬರಿಗೆ ‘ಎ’, ಇನ್ನೊಬ್ಬರಿಗೆ ‘ಬಿ’ ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಎಲ್ಲರಿಗೂ ‘ಎ’. ಆ ಶಿಕ್ಷಕರನ್ನು ನಾನು ದೂರುವುದಿಲ್ಲ. ಗಣಿತ ಕಲಿಸಲು ನೇಮಕಗೊಂಡು, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆಯ ಕೆಲಸಗಳ ನಡುವೆ ಹತ್ತನೇ ತರಗತಿಯ ಫಲಿತಾಂಶವನ್ನೂ ಹೊತ್ತುಕೊಂಡವರು ಅವರು. ನನ್ನ ತಕರಾರು ಇರುವುದು, ಇಲ್ಲದ ತರಗತಿಯನ್ನು ಕಾಗದದ ಮೇಲೆ ಇದೆ ಎಂದು ತೋರಿಸಲೇಬೇಕಾದ ವ್ಯವಸ್ಥೆಯ ಬಗ್ಗೆ.

ಅಂದು ಮುಖ್ಯ ಶಿಕ್ಷಕರ ಅನುಮತಿ ಪಡೆದು ಶಾಲೆಯ ಹಿಂಬದಿಯ ಕೊಠಡಿಯನ್ನು ತೆರೆಸಿ ನೋಡಿದೆ. ಬಾಗಿಲ ಮೇಲೆ ‘ಕಲೆ ಮತ್ತು ಕರಕುಶಲ ಕೊಠಡಿ’ ಎಂದು ನೀಲಿ ಬಣ್ಣದಲ್ಲಿ ಚೆಂದವಾಗಿ ಬರೆದಿದೆ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದಡಿ ಪ್ರೌಢಶಾಲೆಗಳಿಗೆ ಇಂಥ ಕೊಠಡಿಯೊಂದು ಇರಬೇಕು ಎಂದು ನಿಗದಿಯಾಗಿತ್ತಷ್ಟೆ. ಒಳಗೆ ಕಾಲು ಮುರಿದ ಡೆಸ್ಕುಗಳು, ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳು, ಮೂಲೆಯಲ್ಲೊಂದು ಕಬ್ಬಿಣದ ಬೀರು. ಬೀರುವಿನಲ್ಲಿ ಹಾರ್ಮೋನಿಯಂ ಇತ್ತು. ನಮ್ಮ ಮಳೆಗಾಲ ತಮಗೆ ತಿಳಿಯದ್ದಲ್ಲ. ಜೂನ್‌ನಲ್ಲಿ ಮುಚ್ಚಿಟ್ಟ ಚರ್ಮದ ಚಪ್ಪಲಿಯನ್ನು ಸೆಪ್ಟೆಂಬರ್‌ನಲ್ಲಿ ತೆಗೆದರೆ ಹಸಿರು ಬೂಷ್ಟು ಹಿಡಿದಿರುತ್ತದೆ. ಅಂಥ ಎಷ್ಟು ಮಳೆಗಾಲಗಳನ್ನು ಆ ಪೆಟ್ಟಿಗೆ ಬೀಗದೊಳಗೇ ಕಳೆದಿತ್ತೋ! ತಿದಿ ಎಳೆದರೆ ಮಡಿಕೆಯಲ್ಲಿ ಹರಿದಿದ್ದ ಕಡೆಯಿಂದ ಗಾಳಿ ಹೊರಗೆ ಹೋಯಿತು. ಮೂರು ಸ್ವರದ ಮನೆಗಳು ಒತ್ತಿದರೆ ಒತ್ತಿದಲ್ಲೇ ಕುಳಿತವು, ಮೇಲೆ ಬರಲಿಲ್ಲ. ಪಕ್ಕದಲ್ಲಿದ್ದ ತಬಲಾದ ಚರ್ಮ ನಡುವಿನ ಕಪ್ಪು ಕರಣೆಯ ಅಂಚಿನಲ್ಲಿ ಬಿರಿದಿತ್ತು. ದಾಸ್ತಾನು ಪುಸ್ತಕದಲ್ಲಿ ಮಾತ್ರ ‘ಹಾರ್ಮೋನಿಯಂ 1, ತಬಲಾ 1 ಜೊತೆ, ಸುಸ್ಥಿತಿಯಲ್ಲಿದೆ’ ಎಂದು ವರ್ಷವರ್ಷವೂ ದೃಢೀಕರಿಸಿದ ಸಹಿಗಳಿವೆ. ಸಮಿತಿಯ ಸದಸ್ಯನಾಗಿ ಅದರಲ್ಲೊಂದು ವರ್ಷ ನಾನೂ ಬೀರು ತೆರೆಸದೆ ತಲೆಯಾಡಿಸಿದ್ದೇನೆ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಇದು ನಮ್ಮೊಂದು ಶಾಲೆಯ ಕಥೆಯಾಗಿದ್ದರೆ ತಮಗೆ ಬರೆಯುವ ಬದಲು ಊರವರೇ ಕೂತು ಬಗೆಹರಿಸಿಕೊಳ್ಳುತ್ತಿದ್ದೆವು. ಸಂಬಂಧಿಕರ, ಪರಿಚಯದವರ ಮಕ್ಕಳು ಓದುವ ಬೇರೆ ಕೆಲವು ಶಾಲೆಗಳಿಗೂ ಹೋಗಿ ಕೇಳಿದೆ. ಒಂದರಲ್ಲಿ ಚಿತ್ರಕಲಾ ಶಿಕ್ಷಕರಿದ್ದಾರೆ, ಸಂಗೀತಕ್ಕೆ ಯಾರೂ ಇಲ್ಲ. ಇನ್ನೊಂದರಲ್ಲಿ ಚಿತ್ರಕಲಾ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಅವರು ಮಕ್ಕಳಿಂದ ಬರೆಸಿದ್ದ ಗೋಡೆಚಿತ್ರದ ಮೇಲೆ ಕಳೆದ ವರ್ಷ ಸುಣ್ಣ ಬಳಿದರಂತೆ. ವೇಳಾಪಟ್ಟಿಯಲ್ಲಿ ಈ ವಿಷಯಗಳಿಗೆ ಅವಧಿ ಎಲ್ಲ ಕಡೆಯೂ ಉಂಟು. ಜುಲೈ, ಆಗಸ್ಟ್‌ನಲ್ಲಿ ಮಳೆಗೆ ರಜೆ ಕೊಟ್ಟ ದಿನಗಳ ಪಾಠ ಸರಿದೂಗಿಸಲು ಮೊದಲು ಬಲಿಯಾಗುವುದು ಆ ಅವಧಿಯೇ. ದಸರಾ ರಜೆ ಮುಗಿದು ಬಂದರೆ ಎಸ್ಸೆಸ್ಸೆಲ್ಸಿಯ ವಿಶೇಷ ತರಗತಿಗೆ ಬಲಿಯಾಗುವುದೂ ಅದೇ.

ಕಾರಣವನ್ನು ಹುಡುಕುತ್ತಾ ಹೋದಾಗ ತಿಳಿದ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. ಆದರೆ ಮಕ್ಕಳ ಸಂಖ್ಯೆ 100 ಮೀರಿದ ಕಡೆ ಮಾತ್ರ. ಬಯಲುಸೀಮೆಯ ದೊಡ್ಡ ಹಳ್ಳಿಗೆ ಈ ಲೆಕ್ಕ ಸರಿ ಹೋಗಬಹುದು. ಕೊಡಗಿನಲ್ಲಿ ಊರು ಎಂದರೆ ಒಂದೇ ಕಡೆ ಗುಂಪಾಗಿ ಕಟ್ಟಿದ ಮನೆಗಳಲ್ಲ; ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಗದ್ದೆ, ಕೆಲವೊಮ್ಮೆ ಒಂದು ಹೊಳೆ ಇರುತ್ತದೆ. ನಮ್ಮ ಶಾಲೆಯಲ್ಲಿ ಈ ನಿಯಮಕ್ಕೆ ಒಳಪಡುವುದು ಎಂಟನೇ ತರಗತಿ ಮಾತ್ರ; ಎಂಟರಿಂದ ಹತ್ತರವರೆಗಿನ ಮೂರೂ ತರಗತಿ ಸೇರಿಸಿದರೂ 86 ಮಕ್ಕಳು. ಇಂಥ ಶಾಲೆ ಎಷ್ಟೇ ಚೆನ್ನಾಗಿ ನಡೆದರೂ ನೂರು ದಾಟುವುದಿಲ್ಲ. ಅಂದರೆ ಮಕ್ಕಳು ಕಡಿಮೆ ಇರುವುದರಿಂದ ಶಿಕ್ಷಕರಿಲ್ಲ. ಶಿಕ್ಷಕರಿಲ್ಲದ್ದರಿಂದ ಕೈಲಾದವರು ಮಕ್ಕಳನ್ನು ಪೇಟೆಯ ಖಾಸಗಿ ಶಾಲೆಗೆ ಕಳುಹಿಸುತ್ತಾರೆ. ಹಾಗಾಗಿ ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ. ಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡ ನಿಯಮ ಮಲೆನಾಡಿನ ಮಕ್ಕಳ ಪಾಲಿಗೆ ಬಾಗಿಲು ಹಾಕಿದ ಹಾಗೆಯೇ.

ಸಂಖ್ಯೆ ನೋಡದೆ ಹುದ್ದೆ ಕೊಟ್ಟರೆ ಹೇಗಿರುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಉದಾಹರಣೆಯಿದೆ. ಮಡಿಕೇರಿಯ ಬಳಿಯ ಗಾಳಿಬೀಡಿನಲ್ಲಿ ಕೇಂದ್ರ ಸರ್ಕಾರದ ಜವಾಹರ್ ನವೋದಯ ವಿದ್ಯಾಲಯವಿದೆ. ನವೋದಯ ವಿದ್ಯಾಲಯಗಳ ವ್ಯವಸ್ಥೆಯಲ್ಲಿ ಚಿತ್ರಕಲೆಗೊಂದು, ಸಂಗೀತಕ್ಕೊಂದು ಶಿಕ್ಷಕ ಹುದ್ದೆ ಗಣಿತ, ವಿಜ್ಞಾನದ ಹುದ್ದೆಗಳಂತೆಯೇ ಸೇರಿಕೊಂಡಿದೆ. ಅಲ್ಲಿ ಆರನೇ ತರಗತಿಗೆ ಸೇರುವುದು ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು, ಅದೂ ಪ್ರವೇಶ ಪರೀಕ್ಷೆ ಬರೆದು ಆಯ್ಕೆಯಾದವರು. ಆ ಮಕ್ಕಳಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಬೇಕಾದ ರಾಗ, ಬಣ್ಣ ಆಯ್ಕೆಯಾಗದ ಮಗುವಿಗೆ ಬೇಡವೆಂದು ತೀರ್ಮಾನಿಸಿದವರು ಯಾರು ಎಂದಷ್ಟೇ ಕೇಳುತ್ತೇನೆ.

ನೀತಿಯ ಮಟ್ಟದಲ್ಲಿ ಈ ವಿಷಯಕ್ಕೆ ವಿರೋಧವೇ ಇಲ್ಲ ಎಂಬುದು ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು ಹೇಳಿ ಇಪ್ಪತ್ತು ವರ್ಷ ಕಳೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಸಹಪಠ್ಯ ಎಂಬ ಗೋಡೆಯೇ ಬೇಡವೆಂದಿತು. ಆ ನೀತಿಯನ್ನು ಬಿಟ್ಟು ನಮ್ಮ ರಾಜ್ಯ ತನ್ನದೇ ನೀತಿಗಾಗಿ 2023ರಲ್ಲಿ ಆಯೋಗ ರಚಿಸಿತು. ಅದರ ಸರಿ ತಪ್ಪು ನನ್ನ ವಿಷಯವಲ್ಲ. ಯಾವ ನೀತಿ ಬಂದರೂ ನಮ್ಮ ಶಾಲೆಯ ಬೀರುವಿನ ಬೀಗ ಹಾಗೇ ಇದೆ ಎಂಬುದು ನನ್ನ ವಿಷಯ. ಎಸ್ಸೆಸ್ಸೆಲ್ಸಿಯ ವೇಳಾಪಟ್ಟಿಯನ್ನು ಗಮನಿಸಿದವರು ಅದರಲ್ಲಿ ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂಬ ಹೆಸರುಗಳನ್ನು ಕಂಡಿರಬಹುದು. ಅವು ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ಇರುವ ಪರ್ಯಾಯ ವಿಷಯಗಳು. ದ್ವಿತೀಯ ಪಿಯುಸಿಯಲ್ಲಿಯೂ ಸಂಗೀತ ಒಂದು ಐಚ್ಛಿಕ ವಿಷಯ. ಹತ್ತನೇ ತರಗತಿಯ ಮಟ್ಟದಲ್ಲಿ ಸಂಗೀತಕ್ಕೆ ಪ್ರಶ್ನೆಪತ್ರಿಕೆ ತಯಾರಿಸುವುದು, ಅಂಕ ಕೊಡುವುದು ಇಲಾಖೆಗೆ ಗೊತ್ತಿಲ್ಲದ ವಿದ್ಯೆಯಲ್ಲ ಎಂದಾಯಿತು. ಇಚ್ಛೆಯುಳ್ಳ ಇತರ ಮಕ್ಕಳಿಗೂ ಆ ಬಾಗಿಲು ತೆರೆಯಲು ಏನು ಅಡ್ಡಿ?

‘ಮೊದಲು ಫಲಿತಾಂಶ, ಆಮೇಲೆ ಹಾಡು, ಚಿತ್ರ’ ಎನ್ನುವವರು ನಮ್ಮ ಸಮಿತಿಯಲ್ಲೇ ಇದ್ದಾರೆ. ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂದು ಕೇಳಿ ಅಂಕ ಕೊಡುತ್ತಾರೆ, ಹೃದಯದ ನೀಳಛೇದವನ್ನು ಬಾಯಿಪಾಠ ಮಾಡಿ ಬರೆಯಲಾಗುವುದಿಲ್ಲ ಎಂದು ಅವರಿಗೆ ಹೇಳಿ ಒಂದು ಸಭೆಯಲ್ಲಿ ಬಾಯಿ ಮುಚ್ಚಿಸಿದೆ. ಮನೆಗೆ ಬಂದ ಮೇಲೆ ಆ ವಾದ ನನಗೇ ಹಿಡಿಸಲಿಲ್ಲ. ವಿಜ್ಞಾನಕ್ಕೆ ನಾಲ್ಕು ಅಂಕ ತಂದುಕೊಡುತ್ತದೆ ಎಂದು ಚಿತ್ರಕಲೆಯನ್ನು ಸಮರ್ಥಿಸಿದರೆ, ನಾಳೆ ಆ ಪ್ರಶ್ನೆ ತೆಗೆದ ದಿನ ಚಿತ್ರಕಲೆಯನ್ನೂ ತೆಗೆಯಬಹುದಲ್ಲ.

ನಮ್ಮ ಶಾಲೆಯ ಒಬ್ಬ ಹುಡುಗನ ವಿಷಯ ಹೇಳಿದರೆ ನನ್ನ ಮಾತು ಹೆಚ್ಚು ಸ್ಪಷ್ಟವಾದೀತು. ತಂದೆ ತಾಯಿ ಹತ್ತಿರದ ಎಸ್ಟೇಟಿನಲ್ಲಿ ಕೆಲಸಕ್ಕಿದ್ದಾರೆ. ವಾಸ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಒಲೆಯ ಇದ್ದಿಲಿನಿಂದ ಲೈನಿನ ಗೋಡೆಯ ಮೇಲೆ ಚಿತ್ರ ಬರೆದು ಎಸ್ಟೇಟಿನ ಗುಮಾಸ್ತರಾದ ರೈಟರ ಬೈಗುಳ ತಿಂದವನು. ಒಮ್ಮೆ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿನಲ್ಲಿ ಬರೆದ ಚಿತ್ರಗಳನ್ನು ನನಗೆ ತೋರಿಸಿದ. ಒಂದರಲ್ಲಿ ಬರೀ ಕೈಗಳಿದ್ದವು: ಕಾಫಿ ಕೊಯ್ಯುವ ಎರಡು ಕೈ, ಒಂದು ಗಿಡದ ರೆಕ್ಕೆಯನ್ನು (ಕೊಂಬೆಯನ್ನು) ಬಗ್ಗಿಸಿ ಹಿಡಿದಿದೆ, ಇನ್ನೊಂದರ ಬೆರಳುಗಳ ನಡುವಿನಿಂದ ಹಣ್ಣು ಜಾರುತ್ತಿದೆ, ಹೆಬ್ಬೆರಳಿನ ಉಗುರು ಸೀಳಿದೆ. ಇಪ್ಪತ್ತೈದು ವರ್ಷ ತೋಟದಲ್ಲಿ ಕಣ್ಣೆದುರೇ ಇದ್ದ ಕೈಗಳನ್ನು ಅಂದು ನಾನು ಮೊದಲ ಬಾರಿ ನೋಡಿದೆ. ಇಲಾಖೆಯ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಅವನ ಅರ್ಜಿ ಹಾಕಿಸಿದೆವು. ಪರೀಕ್ಷೆಗೆ ಬೇಕೆಂದು ಮುಖ್ಯ ಶಿಕ್ಷಕರು ಸ್ವಂತ ಹಣದಿಂದ ಪೋಸ್ಟರ್ ಕಲರಿನ ಒಂದು ಪೆಟ್ಟಿಗೆ ತಂದುಕೊಟ್ಟರು. ಅದರ ಮುಚ್ಚಳವನ್ನು ಅವನು ಮೊದಲ ಸಲ ತೆರೆದದ್ದು ಪರೀಕ್ಷೆಯ ಹಿಂದಿನ ಸಂಜೆ. ಎಷ್ಟು ನೀರು ಬೆರೆಸಬೇಕು, ಒಂದು ಬಣ್ಣ ಒಣಗುವ ಮೊದಲು ಪಕ್ಕದ ಬಣ್ಣ ಹಚ್ಚಬಾರದು ಎಂದು ಹೇಳಿಕೊಡಲು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಬಣ್ಣಗಳೆಲ್ಲ ಒಂದಕ್ಕೊಂದು ಹರಿದು ಕೆಸರಾಯಿತು ಎಂದು ಬಂದು ಹೇಳಿದ. ಮರುವರ್ಷ ಮತ್ತೆ ಬರೆಯಲು ಹೇಳಿದರೆ, ‘ಬೇಡ ಸಾರ್’ ಎಂದುಬಿಟ್ಟ.

ಮುಂದೆ ಎಂದಾದರೂ ಆ ಹುಡುಗ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಕಡೆ ದೃಶ್ಯಕಲೆಯ ಪದವಿಗೆ ಸೇರಬೇಕೆಂದರೆ, ಎಂಟನೇ ತರಗತಿಯಿಂದಲೇ ಕುಂಚ ಹಿಡಿದು ಪಳಗಿದ ನಗರದ ಮಕ್ಕಳ ಜೊತೆ ನಿಲ್ಲಬೇಕಾಗುತ್ತದೆ. ಪ್ರತಿಭೆಯಲ್ಲಿ ಅವನು ಹಿಂದಿಲ್ಲ. ಅವನ ಹತ್ತಿರ ಇಲ್ಲದ್ದು ವಾರಕ್ಕೆ ಎರಡು ಅವಧಿ ಮತ್ತು ತಿದ್ದುವ ಒಬ್ಬ ಮೇಷ್ಟ್ರು.

ಸಂಗೀತದ ಮಾತಿಗೆ ಬಂದರೆ ನಮ್ಮ ಜಿಲ್ಲೆಯ ಸ್ಥಿತಿ ಇನ್ನೂ ಸೋಜಿಗದ್ದು. ಇಲ್ಲಿ ಗುರುಗಳಿಗೆ ಬರವಿಲ್ಲ. ಅವರನ್ನು ಗುರುಗಳೆಂದು ಎಣಿಸುವ ಕಣ್ಣಿಗೆ ಬರ. ಸುಗ್ಗಿಯ ಹಬ್ಬ ಪುತ್ತರಿ ಬಂದರೆ ನಾಲ್ಕು ಜನ ಪುಟ್ಟ ಚರ್ಮವಾದ್ಯವಾದ ದುಡಿ ಹಿಡಿದು, ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಂಡು, ಮನೆಮನೆಗೂ ಹಾಡಿಕೊಂಡು ಹೋಗುತ್ತಾರೆ. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದ್ದು 1924ರಲ್ಲಿ. ನೂರು ವರ್ಷ ದಾಟಿದರೂ ಅವು ಶಾಲೆಯ ಒಂದು ಅವಧಿಗೆ ಬರಲಿಲ್ಲ. ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್‌ಗೆ ಬದುಕನ್ನು ಕೊಟ್ಟ ರಾಣಿ ಮಾಚಯ್ಯನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕುಣಿತದ ಹೆಜ್ಜೆಯನ್ನು ಪ್ರೌಢಶಾಲೆಯ ಹುಡುಗಿಯರಿಗೆ ಕಲಿಸಲು ಯಾರನ್ನೂ ನೇಮಿಸಲಿಲ್ಲ. ಬುಡಕಟ್ಟಿನವರಾದ ಎರವರ, ಕುರುಬರ ಹಾಡಿಗಳಿಂದ (ಕಾಡಂಚಿನ ವಸತಿಗಳಿಂದ) ಬರುವ ಮಕ್ಕಳ ಮನೆಯಲ್ಲಿ ವಾದ್ಯಗಳಿವೆ, ಹಾಡುಗಳಿವೆ. ಶಾಲೆಯ ಗೇಟು ದಾಟಿದೊಡನೆ ಆ ಮಕ್ಕಳು ಬಾಯಿ ಹೊಲಿದುಕೊಳ್ಳುತ್ತಾರೆ. ಪ್ರತಿಭಾ ಕಾರಂಜಿಯ ಜಾನಪದ ಗೀತೆಯ ಸ್ಪರ್ಧೆಗೆ ಅವರೇ ಮೊಬೈಲಿನಲ್ಲಿ ಕೇಳಿ ಕಲಿತ ಯಾವುದೋ ದೂರದ ಜಿಲ್ಲೆಯ ಹಾಡನ್ನು ತಪ್ಪುತಪ್ಪಾಗಿ ಹಾಡಿ ಕೆಳಗಿಳಿದದ್ದನ್ನು ನಾನು ಸಭಾಂಗಣದಲ್ಲಿ ಕೂತು ನೋಡಿದ್ದೇನೆ. ಬಹುಮಾನ ಹೋದದ್ದು, ಸಹಜವಾಗಿಯೇ, ಪೇಟೆಯಲ್ಲಿ ಹಣ ಕೊಟ್ಟು ಪಾಠಕ್ಕೆ ಹೋಗುವ ಮಗುವಿಗೆ. ವರ್ಷವಿಡೀ ಕಲಿಸದೆ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿದರೆ ನಾವು ಅಳೆಯುವುದು ಪೋಷಕರ ಜೇಬನ್ನೇ ಹೊರತು ಮಕ್ಕಳ ಕಂಠವನ್ನಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಮನವಿ ಖರ್ಚಿಲ್ಲದ್ದು. ಬೋಧನೆ ನಡೆಯದ ವಿಷಯಕ್ಕೆ ಶ್ರೇಣಿ ಕೊಡಬಾರದು, ಆ ಜಾಗದಲ್ಲಿ ‘ಬೋಧಕರಿಲ್ಲ’ ಎಂದು ಬರೆಯಲು ಶಾಲೆಗಳಿಗೆ ಅವಕಾಶವಿರಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ಎಷ್ಟು ಶಾಲೆಗಳಲ್ಲಿ ಎಷ್ಟು ಮಕ್ಕಳು ಈ ಪಾಠದಿಂದ ವಂಚಿತರಾಗಿದ್ದಾರೆ ಎಂಬ ಲೆಕ್ಕ ಆಗ ತಮ್ಮ ಮೇಜಿಗೇ ಬರುತ್ತದೆ. ಈಗಿನ ಪ್ರಗತಿಪತ್ರಗಳನ್ನು ನಂಬಿದರೆ ಕೊಡಗಿನ ಮಕ್ಕಳೆಲ್ಲ ಚಿತ್ರಕಾರರು, ಗಾಯಕರು ಎಂದೇ ತಾವು ತಿಳಿಯಬೇಕಾಗುತ್ತದೆ.

ಎರಡನೆಯದು ಶಿಕ್ಷಕರ ಮಾತು. ಪ್ರತಿ ಶಾಲೆಗೂ ಇಬ್ಬರು ಶಿಕ್ಷಕರನ್ನು ಕೊಡಿ ಎಂದು ಕೇಳುವಷ್ಟು ವ್ಯವಹಾರಜ್ಞಾನವಿಲ್ಲದವನಲ್ಲ ನಾನು. ಒಂದೇ ಬಸ್ ಮಾರ್ಗದಲ್ಲಿರುವ ಮೂರು ನಾಲ್ಕು ಪ್ರೌಢಶಾಲೆಗಳನ್ನು ಒಂದು ಗುಂಪು ಮಾಡಿ, ಆ ಗುಂಪಿಗೆ ಒಬ್ಬ ಚಿತ್ರಕಲಾ ಶಿಕ್ಷಕ, ಒಬ್ಬ ಸಂಗೀತ ಶಿಕ್ಷಕರನ್ನು ನೇಮಿಸಿ, ಯಾವ ದಿನ ಯಾವ ಶಾಲೆ ಎಂದು ನಿಗದಿ ಮಾಡಿದರೆ ಸಾಕು. ನೂರರ ಲೆಕ್ಕವನ್ನು ಆ ಗುಂಪಿನ ಒಟ್ಟು ಮಕ್ಕಳಿಗೆ ಅನ್ವಯಿಸಿದರೆ ನಮ್ಮ ಶಾಲೆಯಂಥವೂ ಒಳಗೆ ಬರುತ್ತವೆ. ಬಸ್ಸಿನ ಹಾದಿ ನೋಡಿ ಗುಂಪು ಮಾಡಬೇಕು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ನಕಾಶೆಯಲ್ಲಿ ಐದು ಕಿಲೋಮೀಟರ್ ದೂರ ಕಾಣುವ ಎರಡು ಊರುಗಳ ನಡುವೆ ನಮ್ಮಲ್ಲಿ ಬೆಟ್ಟವೇ ಇರಬಹುದು. ಬೆಂಗಳೂರಿನಲ್ಲಿ ಕೂತು ಗೆರೆ ಎಳೆದರೆ ಆ ಶಿಕ್ಷಕರ ವಾರವೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ಕಳೆದುಹೋಗುತ್ತದೆ.

ಹುದ್ದೆ ತುಂಬುವವರೆಗೆ ಸ್ಥಳೀಯ ಕಲಾವಿದರನ್ನು ಗೌರವ ಸಂಭಾವನೆಯ ಮೇಲೆ ಕರೆಸಿಕೊಳ್ಳಲು ಮುಖ್ಯ ಶಿಕ್ಷಕರಿಗೆ ಅಧಿಕಾರವನ್ನೂ, ಅದಕ್ಕೊಂದು ಅನುದಾನವನ್ನೂ ಕೊಡಿ. ಕೊಡವ ಸಾಹಿತ್ಯ ಅಕಾಡೆಮಿಯೂ ಅರೆಭಾಷೆ ಅಕಾಡೆಮಿಯೂ ಮಡಿಕೇರಿಯಲ್ಲೇ ಇವೆ. ಯಾವ ಊರಿನಲ್ಲಿ ಯಾರು ಹಾಡುತ್ತಾರೆ, ಯಾರು ಬಾರಿಸುತ್ತಾರೆ ಎಂಬ ಪಟ್ಟಿ ತಯಾರಿಸಲು ಇಲಾಖೆ ಅವರ ನೆರವು ಪಡೆಯಬಹುದು. ಹಾಡಿಗಳ ಹಿರಿಯರು ಯಾವ ಅಕಾಡೆಮಿಯ ಪಟ್ಟಿಯಲ್ಲೂ ಇರುವುದಿಲ್ಲ, ಅವರನ್ನು ಶಾಲೆಯೇ ಹುಡುಕಿಕೊಂಡು ಹೋಗಬೇಕು. ಪದವಿಪತ್ರ ಇಲ್ಲವೆಂಬ ಕಾರಣಕ್ಕೆ ಅವರ ಬಿಲ್ಲನ್ನು ಖಜಾನೆಯಿಂದ ಹಿಂದಕ್ಕೆ ಕಳುಹಿಸದಂತೆ ಆದೇಶದಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. ಇಲಾಖೆಯ ಕಡತಗಳ ಪರಿಚಯವಿರುವವರು ಹೇಳಿದ ಎಚ್ಚರಿಕೆಯಿದು.

ಚಿತ್ರಕಲೆಯ ಗ್ರೇಡ್ ಪರೀಕ್ಷೆಗೆ ಕೂರುವ ಸರ್ಕಾರಿ ಶಾಲೆಯ ಮಕ್ಕಳಿಗೆ ಕಾಗದ, ಬಣ್ಣ, ಕುಂಚವನ್ನು ಇಲಾಖೆಯೇ ಪರೀಕ್ಷೆಗೆ ಆರು ತಿಂಗಳು ಮೊದಲು ಒದಗಿಸಲಿ, ಹಿಂದಿನ ಸಂಜೆಯಲ್ಲ. ಚಿತ್ರಕಲೆ ಅಥವಾ ಸಂಗೀತವನ್ನು ಎಂಟನೇ ತರಗತಿಯಿಂದ ಐಚ್ಛಿಕ ವಿಷಯವಾಗಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಬರೆಯುವ ಅವಕಾಶ ದೊಡ್ಡ ತೀರ್ಮಾನ, ಒಂದು ದಿನದಲ್ಲಿ ಆಗುವುದಲ್ಲ ಎಂದು ಬಲ್ಲೆ. ಕೆಲವು ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸುವುದಾದರೆ ಅವುಗಳಲ್ಲೊಂದು ಕೊಡಗಿನದಾಗಿರಲಿ.

ನಮ್ಮ ಕಡೆಯಿಂದ ಆದದ್ದನ್ನೂ ತಿಳಿಸುತ್ತೇನೆ. ಸಮಿತಿಯವರು ಚಂದಾ ಎತ್ತಿ ಹಾರ್ಮೋನಿಯಮ್ಮನ್ನು ಮೈಸೂರಿಗೆ ಕಳುಹಿಸಿದ್ದೇವೆ. ತಿದಿ ಹೊಸದಾಗಿ ಹಾಕಿಸಬೇಕು, ಸ್ವರಗಳನ್ನು ಕೂರಿಸಬೇಕು, ಮೂರು ವಾರ ಬೇಕು ಎಂದಿದ್ದಾರೆ. ಕೊಠಡಿಯ ಡೆಸ್ಕುಗಳನ್ನು ಹೊರಗೆ ಸಾಗಿಸಿಯಾಯಿತು. ಊರಿನಲ್ಲಿ ದುಡಿ ಬಾರಿಸುವ ಎಪ್ಪತ್ತು ದಾಟಿದ ಹಿರಿಯರೊಬ್ಬರು ಪ್ರತಿ ಗುರುವಾರ ಮಧ್ಯಾಹ್ನ ಬರಲು ಒಪ್ಪಿದ್ದಾರೆ. ಸಂಭಾವನೆಯ ಮಾತೆತ್ತಿದರೆ ನಕ್ಕು, ‘ಮಕ್ಕಳು ಮೊದಲು ಬರಲಿ’ ಎಂದರು. ಅವರನ್ನು ತರಗತಿಯೊಳಗೆ ಬಿಟ್ಟುಕೊಳ್ಳಲು ಮುಖ್ಯ ಶಿಕ್ಷಕರಿಗೆ ಮೇಲಿನಿಂದ ಲಿಖಿತ ಅನುಮತಿ ಬೇಕಂತೆ. ಶಾಲೆ ತೆರೆದ ಮೊದಲ ವಾರದಲ್ಲೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಒಮ್ಮೆ ಅಂಟಿಸಿದರೆ ಮಾರ್ಚ್‌ವರೆಗೆ ಅದು ಬದಲಾಗುವುದಿಲ್ಲ. ತಮ್ಮ ಉತ್ತರ ಅದಕ್ಕೆ ಮೊದಲು ಬರಲಿ ಎಂದು ಕೋರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಪೋಷಕ ಮತ್ತು ಎಸ್‌ಡಿಎಂಸಿ ಸದಸ್ಯ,
ಸರ್ಕಾರಿ ಪ್ರೌಢಶಾಲೆಯೊಂದರಿಂದ,
ಮಡಿಕೇರಿ ತಾಲ್ಲೂಕು, ಕೊಡಗು ಜಿಲ್ಲೆ.